ಆಕಾಶದ ಕಾವಲುಗಾರರು

ವಿಮಾನಯಾನವು ಕೆಲವೇ ಧನಿಕರ ವಿಲಾಸವಾಗಿದ್ದ ಕಾಲವು ಕಳೆದುಹೋಯಿತು. ನಮ್ಮ ನಾಡಿನವರೇ ಆದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು 2003ನೆಯ ಇಸವಿಯಲ್ಲಿ ಏರ್ ಡೆಕ್ಕನ್ ಸಂಸ್ಥೆಯನ್ನು ಆರಂಭಿಸಿ ಸುಲಭ ದರದ ವಿಮಾನಗಳನ್ನು ಹಾರಿಸತೊಡಗಿದ ಬಳಿಕ, ಅದುವರೆಗೆ ರೈಲಿನಾಚೆಗೆ ಕಣ್ಣೆತ್ತಿ ನೋಡದಿದ್ದ ಗುಮಾಸ್ತರೂ ಉಪಾಧ್ಯಾಯರೂ ಸಣ್ಣ ವ್ಯಾಪಾರಿಗಳೂ ವಿಮಾನದ ಮೆಟ್ಟಿಲನ್ನೇರುವಂತಾಯಿತು. 2024ನೆಯ ಇಸವಿಯೊಂದರಲ್ಲಿಯೇ ದೇಶದೊಳಗಿನ ವಿಮಾನ ಪ್ರಯಾಣಗಳ ಸಂಖ್ಯೆಯು 16 ಕೋಟಿಯನ್ನು ಮೀರಿತು. ಹೀಗೆ ಪ್ರಯಾಣ ಮಾಡುವವರೆಲ್ಲರೂ ತಮ್ಮ ಪ್ರಾಣವನ್ನು ಮುಚ್ಚಿದ ಬಾಗಿಲಿನ ಹಿಂದಿರುವ ಇಬ್ಬರು ಚಾಲಕರ ಕೈಗೊಪ್ಪಿಸಿ ನಿಶ್ಚಿಂತೆಯಿಂದ ಕುಳಿತಿರುತ್ತಾರೆ. ಆ ಇಬ್ಬರ ಯೋಗ್ಯತೆಯನ್ನೂ, ಅವರಿಗೆ ಶಿಕ್ಷಣವಿತ್ತವರ ಯೋಗ್ಯತೆಯನ್ನೂ, ಅವರನ್ನು ದುಡಿಸಿಕೊಳ್ಳುವ ಕಂಪನಿಯ ನಡವಳಿಕೆಯನ್ನೂ ಪ್ರಜೆಗಳ ಪರವಾಗಿ ನೋಡಿಕೊಳ್ಳುವವರು ಯಾರು? ಈ ಪ್ರಶ್ನೆಯನ್ನು ನಾವು ಅಪಘಾತವಾದ ಮರುದಿನ ಮಾತ್ರ ಕೇಳುತ್ತೇವೆ. ಹದಿನೈದು ದಿನ ಕಳೆದರೆ ಮರೆತುಬಿಡುತ್ತೇವೆ. ಉದ್ವೇಗವಿಲ್ಲದ ವೇಳೆಯಲ್ಲಿ ಅದನ್ನು ವಿಚಾರಿಸಿ ನೋಡುವುದು ಅವಶ್ಯವೆಂದು ನಾವು ತಿಳಿಯುತ್ತೇವೆ.

ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯವೆಂಬ ಕೇಂದ್ರ ಸರಕಾರದ ಇಲಾಖೆಯಲ್ಲಿ ಹಾರಾಟದ ಇನ್‌ಸ್ಪೆಕ್ಟರರೆಂಬ ಒಂದು ವರ್ಗವುಂಟು. ಹಲವು ವರ್ಷ ವಿಮಾನಗಳನ್ನು ನಡೆಸಿ, ಸಾವಿರಾರು ಗಂಟೆಗಳ ಅನುಭವವನ್ನು ಗಳಿಸಿದ ಚಾಲಕರೇ ಈ ಕೆಲಸಕ್ಕೆ ಬರುವರು. ಇವರು ಕೆಲವೊಮ್ಮೆ ಕಾಕ್‌ಪಿಟ್ಟಿನಲ್ಲಿ ಚಾಲಕರಿಬ್ಬರ ಹಿಂದಿರುವ ಚಿಕ್ಕ ಆಸನದಲ್ಲಿ ಕುಳಿತು ಇಡೀ ಪ್ರಯಾಣವನ್ನು ಮೌನವಾಗಿ ವೀಕ್ಷಿಸುತ್ತಾರೆ. ಕೆಲವೊಮ್ಮೆ ಸಿಮ್ಯುಲೇಟರಿನಲ್ಲಿ ನಡೆಯುವ ಪರೀಕ್ಷೆಗಳನ್ನು ಪರಿಶೀಲಿಸುತ್ತಾರೆ. ಕಂಪನಿಯ ಶಿಕ್ಷಣದ ಕ್ರಮವನ್ನೂ ಕೈಪಿಡಿಗಳನ್ನೂ ಚಾಲಕರ ಕೆಲಸ ಮತ್ತು ವಿಶ್ರಾಂತಿಯ ಲೆಕ್ಕಗಳನ್ನೂ ತೆರೆದು ನೋಡುತ್ತಾರೆ. ಎಲ್ಲಕ್ಕಿಂತ ಹೆಚ್ಚಾಗಿ, ಕಂಪನಿಯೊಳಗೆ ಇತರ ಚಾಲಕರನ್ನು ಪರೀಕ್ಷಿಸುವ ಅಧಿಕಾರ ಪಡೆದ ಹಿರಿಯ ಚಾಲಕರನ್ನು ಇವರು ಪರೀಕ್ಷಿಸುತ್ತಾರೆ. ಪರೀಕ್ಷಕನನ್ನು ಪರೀಕ್ಷಿಸುವ ಈ ಹೊಣೆಯು ಎಷ್ಟು ಗುರುತರವಾದುದೆಂಬುದನ್ನು ನಮ್ಮ ಬೆಂಗಳೂರೇ ದುಃಖದಿಂದ ಕಲಿತಿರುತ್ತದೆ.

1990ನೆಯ ಇಸವಿ ಫೆಬ್ರವರಿ 14ರಂದು ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್‌ನ 605ನೆಯ ಸಂಖ್ಯೆಯ ಏರ್‌ಬಸ್ 320 ವಿಮಾನವು, ಎಚ್‌.ಎ.ಎಲ್. ವಿಮಾನನಿಲ್ದಾಣದ ರನ್‌ವೇಯನ್ನು ಮುಟ್ಟದೆ ಅದರ ಈಚೆಗಿನ ಗಾಲ್ಫ್ ಮೈದಾನದಲ್ಲಿ ಬಿದ್ದು ಉರಿದುಹೋಯಿತು. ಅದರಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮಡಿದರು. ಯಂತ್ರಗಳಿಗೆ ಕೇಡಾಗಿರಲಿಲ್ಲ. ಆಗತಾನೇ ದೇಶಕ್ಕೆ ಬಂದಿದ್ದ ಹೊಸ ಬಗೆಯ ವಿಮಾನವದು; ಇಳಿಯುವ ಹೊತ್ತಿನಲ್ಲಿ ಅದರ ಸ್ವಯಂಚಾಲಕ ವ್ಯವಸ್ಥೆಯು ಎಂಜಿನುಗಳ ಶಕ್ತಿಯನ್ನು ತೀರ ಕೆಳಕ್ಕಿಳಿಸಿದ ಸ್ಥಿತಿಯಲ್ಲಿತ್ತು. ವೇಗವು ಕುಗ್ಗುತ್ತ ಬಂದುದನ್ನು ಇಬ್ಬರೂ ಸಕಾಲದಲ್ಲಿ ಗಮನಿಸಲಿಲ್ಲ. ಎಡಗಡೆಯ ಆಸನದಲ್ಲಿದ್ದ ಚಾಲಕನು ಕಮಾಂಡರನ ಪದವಿಗಾಗಿ ಪರೀಕ್ಷೆಗೊಳಗಾಗಿದ್ದವನು. ಬಲಗಡೆಯಲ್ಲಿದ್ದವನು ಅವನನ್ನು ಪರೀಕ್ಷಿಸುತ್ತಿದ್ದ ಹಿರಿಯನು. ಹೀಗೆ ಪರೀಕ್ಷಕನೇ ಕುಳಿತಿದ್ದ ಕಾಕ್‌ಪಿಟ್ಟಿನಲ್ಲಿ ಆ ಅನರ್ಥವು ಸಂಭವಿಸಿತು. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ಆ ಬಗ್ಗೆ ವಿಚಾರಣೆ ನಡೆಸಿದರು. ಸತ್ತವರನ್ನು ದೂಷಿಸುವುದು ನಮ್ಮ ಅಭಿಪ್ರಾಯವಲ್ಲ. ಹೊಸ ಯಂತ್ರವು ಬಂದಾಗ ಪರೀಕ್ಷಕನಿಗೂ ಅದು ಹೊಸದೇ ಆಗಿರುವುದೆಂಬ ಸಾಮಾನ್ಯ ಸಂಗತಿಯನ್ನು ಕಂಪನಿಯು ಮರೆತರೂ ಸರಕಾರವು ಮರೆಯಲಾಗದೆಂಬುದಷ್ಟೇ ನಮ್ಮ ಮಾತು.

ಮಂಗಳೂರಿನ ಕಥೆಯು ಬೇರೆ ಬಗೆಯದು. 2010ನೆಯ ಇಸವಿ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನವು ಬಜ್ಪೆಯ ಗುಡ್ಡದ ಮೇಲಿನ ರನ್‌ವೇಯನ್ನು ದಾಟಿ ಕಮರಿಗೆ ಬಿತ್ತು. 166 ಮಂದಿಯಲ್ಲಿ ಬದುಕಿ ಬಂದವರು 8 ಮಂದಿ ಮಾತ್ರ. ಏರ್ ಮಾರ್ಷಲ್ ಬಿ. ಎನ್. ಗೋಖಲೆಯವರ ಅಧ್ಯಕ್ಷತೆಯ ವಿಚಾರಣಾ ಮಂಡಲಿಯು ಬೆಳಕಿಗೆ ತಂದ ಸಂಗತಿಗಳನ್ನು ಓದಿದವರ ಎದೆ ನಡುಗದಿರದು. ಕಮಾಂಡರನು ಪ್ರಯಾಣದ ಬಹುಭಾಗ ನಿದ್ರೆಯಲ್ಲಿದ್ದನು. ಇಳಿಯತೊಡಗಿದಾಗ ವಿಮಾನವು ಇರಬೇಕಾದ ಎತ್ತರಕ್ಕಿಂತ ಸುಮಾರು ಇಮ್ಮಡಿ ಎತ್ತರದಲ್ಲಿತ್ತು. ಸಹಚಾಲಕನು ಮತ್ತೆ ಮೇಲಕ್ಕೇರಿ ಸುತ್ತಿಬರಬೇಕೆಂದು ಮೂರು ಬಾರಿ ಹೇಳಿದನು. ಯಂತ್ರವೂ ಎಚ್ಚರಿಕೆಯನ್ನು ಕೂಗಿತು. ಕಮಾಂಡರನು ಕೇಳಲಿಲ್ಲ, ರನ್‌ವೇಯ ಅರ್ಧಕ್ಕಿಂತ ಹೆಚ್ಚು ಭಾಗ ಕಳೆದ ಮೇಲೆ ಚಕ್ರಗಳು ನೆಲ ಮುಟ್ಟಿದವು. ಸಹಚಾಲಕನಿಗೆ ಅಪಾಯವು ತಿಳಿದಿತ್ತು, ಬಾಯಿಬಿಟ್ಟು ಹೇಳಿಯೂ ಇದ್ದನು. ಆದರೆ ಹಿರಿಯನ ಕೈಯಿಂದ ವಿಮಾನವನ್ನು ತನ್ನ ಕೈಗೆ ತೆಗೆದುಕೊಳ್ಳುವಷ್ಟು ಅವನ ಮಾತು ಮುಂದುವರಿಯಲಿಲ್ಲ. ಇದು ಒಂದು ದಿನದ ತಪ್ಪಲ್ಲ. ಹಿರಿಯನು ಕಿರಿಯನ ಮಾತನ್ನು ಹೇಗೆ ಸ್ವೀಕರಿಸುತ್ತಾನೆ, ಕಿರಿಯನು ಎಷ್ಟರ ಮಟ್ಟಿಗೆ ಧೈರ್ಯವಹಿಸುತ್ತಾನೆ ಎಂಬುದು ವರ್ಷಗಟ್ಟಲೆಯ ಅಭ್ಯಾಸದಿಂದ ಬೇರೂರುವ ಗುಣ.

ಇಂಥ ಗುಣದೋಷಗಳು ಕಾಗದದ ಮೇಲೆ ಕಾಣಿಸುವುದಿಲ್ಲ. ಲೈಸೆನ್ಸ್ ಸರಿಯಾಗಿರಬಹುದು, ಹಾಜರಿಯ ಪುಸ್ತಕವು ತುಂಬಿರಬಹುದು, ವೈದ್ಯರ ಪ್ರಮಾಣಪತ್ರವೂ ಇರಬಹುದು. ಕಾಗದವನ್ನೇ ನಂಬಿದರೆ ಏನಾಗುವುದೆಂಬುದಕ್ಕೆ 2011ನೆಯ ಇಸವಿಯ ಪ್ರಕರಣಗಳೇ ಸಾಕ್ಷಿ. ಗೋವೆಯಲ್ಲಿ ವಿಮಾನವನ್ನು ಮೂಗಿನ ಚಕ್ರದ ಮೇಲೆ ಇಳಿಸಿದ ಚಾಲಕರೊಬ್ಬರ ದಾಖಲೆಗಳನ್ನು ಕೆದಕಿದಾಗ, ಲೈಸೆನ್ಸಿಗಾಗಿ ಕೊಟ್ಟ ಅಂಕಪಟ್ಟಿಯೇ ಸುಳ್ಳೆಂದು ತಿಳಿದುಬಂತು. ಹುಡುಕುತ್ತ ಹೋದಂತೆ ಅಂಥವರು ಇನ್ನೂ ಕೆಲವರು ಸಿಕ್ಕಿದರು. ಕಾಗದವು ಮುಚ್ಚಿಟ್ಟುದನ್ನು ಚಕ್ರವು ಹೊರಗೆಡಹಿತು. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲುದೆಂಬ ನಮ್ಮ ಹಿರಿಯರ ಮಾತಿನಂತೆ, ಒಬ್ಬ ಚಾಲಕನ ಕೈ ಎಲ್ಲಿ ತಡವರಿಸಿತು, ಯಾವ ಮಾತನ್ನು ಬಾಯಿಪಾಠದಂತೆ ಒದರಿ ಮುಗಿಸಿದನು, ಆಯಾಸವನ್ನು ಹೇಗೆ ಮರೆಮಾಡಿದನು ಎಂಬುದು ಅದೇ ಆಸನದಲ್ಲಿ ಕುಳಿತು, ಅದೇ ಮಳೆಯಲ್ಲಿ, ಅದೇ ರಾತ್ರಿಗಳಲ್ಲಿ ಹಾರಿದವನಿಗೆ ಮಾತ್ರ ಗೊತ್ತಾಗುವುದು. ಆದುದರಿಂದಲೇ ಹಾರಾಟದಿಂದ ನಿವೃತ್ತರಾದ ಅನುಭವಿಗಳು ಸರಕಾರದ ಇನ್‌ಸ್ಪೆಕ್ಟರರಾಗುವುದನ್ನು ನಾವು ಸ್ವಾಗತಿಸುತ್ತೇವೆ. ವಾಣಿಜ್ಯ ವಿಮಾನಗಳನ್ನು ನಡೆಸಲು 65ನೆಯ ವಯಸ್ಸಿಗೆ ಮಿತಿಯುಂಟು. ಆದರೆ ಕೈಗಿರುವ ಮಿತಿಯು ಕಣ್ಣಿಗೂ ವಿವೇಕಕ್ಕೂ ಇರಬೇಕಾಗಿಲ್ಲ. ಮೂವತ್ತು ವರ್ಷಗಳ ಅನುಭವವು ಮನೆಯ ಜಗಲಿಯ ಮೇಲೆ ವ್ಯರ್ಥವಾಗಿ ಕಳೆಯುವುದು ರಾಷ್ಟ್ರಕ್ಕೆ ನಷ್ಟ.

ಇಷ್ಟು ಮುಖ್ಯವಾದ ಕೆಲಸಕ್ಕೆ ನಮ್ಮ ಸರಕಾರವು ಕೊಟ್ಟಿರುವ ಸ್ಥಾನವೇನು? ಬಹುಕಾಲ ಈ ಇಲಾಖೆಯು ತನಗೆ ಬೇಕಾದ ಅನುಭವಿಗಳನ್ನು ವಿಮಾನ ಕಂಪನಿಗಳಿಂದಲೇ ಎರವಲು ಪಡೆದು ದಿನ ದೂಡಿತು. ಅದರ ಫಲವು 2014ನೆಯ ಇಸವಿ ಜನವರಿ 31ರಂದು ಕಾಣಿಸಿತು. ಅಮೆರಿಕೆಯ ವಿಮಾನಯಾನ ಇಲಾಖೆಯು ಭಾರತದ ಮೇಲ್ವಿಚಾರಣೆಯು ಅಂತರರಾಷ್ಟ್ರೀಯ ಮಟ್ಟಕ್ಕೆ ಸಾಲದೆಂದು ತೀರ್ಮಾನಿಸಿ, ನಮ್ಮ ದೇಶವನ್ನು ಎರಡನೆಯ ವರ್ಗಕ್ಕೆ ಇಳಿಸಿತು. ಭಾರತದ ಕಂಪನಿಗಳು ಆ ದೇಶಕ್ಕೆ ಹೊಸ ವಿಮಾನಗಳನ್ನು ಹಾರಿಸದಂತಾಯಿತು. ಸಾಕಷ್ಟು ಯೋಗ್ಯ ಇನ್‌ಸ್ಪೆಕ್ಟರರಿಲ್ಲದಿದ್ದುದು ಆ ಅವಮಾನದ ಮುಖ್ಯ ಕಾರಣಗಳಲ್ಲೊಂದು. ಅದೇ ತಿಂಗಳಲ್ಲಿ, ಪರಿಣಾಮವು ಕಣ್ಣೆದುರು ಬಂದು ನಿಂತ ಮೇಲೆ, ಕೇಂದ್ರ ಮಂತ್ರಿಮಂಡಲವು 75 ಇನ್‌ಸ್ಪೆಕ್ಟರರ ಹುದ್ದೆಗಳಿಗೆ ಒಪ್ಪಿಗೆಯಿತ್ತಿತ್ತು. 2015ನೆಯ ಇಸವಿ ಏಪ್ರಿಲ್‌ನಲ್ಲಿ ಮೊದಲ ವರ್ಗವು ಮರಳಿ ದೊರೆಯಿತು. ಪರದೇಶದವರು ಕಿವಿ ಹಿಂಡಿದ ಮೇಲೆ ನಮ್ಮ ಪ್ರಜೆಗಳ ಪ್ರಾಣಕ್ಕೆ ಬೆಲೆ ಬಂದಿತೆಂಬುದು ಸ್ವಾಭಿಮಾನವುಳ್ಳ ರಾಷ್ಟ್ರಕ್ಕೆ ಶೋಭಿಸುವ ಮಾತಲ್ಲ.

ಆ ಪಾಠವನ್ನಾದರೂ ನೆನಪಿನಲ್ಲಿಟ್ಟುಕೊಂಡೆವೆ? 2025ನೆಯ ಇಸವಿ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನವು ಬಿದ್ದು 260 ಮಂದಿ ಪ್ರಾಣ ನೀಗಿದರು. ಅದರ ಕಾರಣವನ್ನು ನಿರ್ಣಯಿಸುವುದು ತನಿಖೆಯವರ ಕೆಲಸ; ನಾವು ಅದರಲ್ಲಿ ಬಾಯಿ ಹಾಕುವುದಿಲ್ಲ. ಆದರೆ ಅನಂತರ ಅದೇ ವರ್ಷದ ಆಗಸ್ಟ್‌ನಲ್ಲಿ ಸಂಸತ್ತಿನ ಸ್ಥಾಯೀ ಸಮಿತಿಯು ಮುಂದಿಟ್ಟ ವರದಿಯಿಂದ ತಿಳಿದುಬಂದುದೇನೆಂದರೆ, ಮಹಾನಿರ್ದೇಶನಾಲಯಕ್ಕೆ ಮಂಜೂರಾಗಿದ್ದ 1,063 ಹುದ್ದೆಗಳಲ್ಲಿ ತುಂಬಿದ್ದವು 553 ಮಾತ್ರ. ಹೆಚ್ಚುಕಡಮೆ ಅರ್ಧದಷ್ಟು ಕುರ್ಚಿಗಳು ಬರಿದಾಗಿದ್ದವು. 1934ನೆಯ ಇಸವಿಯ ಪರಾಡಳಿತದ ಶಾಸನವನ್ನು ತೆಗೆದುಹಾಕಿ, ಭಾರತೀಯ ಹೆಸರಿನ ಹೊಸ ಶಾಸನವನ್ನು 2025ನೆಯ ಇಸವಿ ಜನವರಿ 1ರಿಂದ ಜಾರಿಗೆ ತಂದೆವೆಂದು ನಾವು ಹೆಮ್ಮೆಪಟ್ಟೆವು. ಹೆಮ್ಮೆಯು ಯೋಗ್ಯವೇ. ಆದರೆ ಶಾಸನವು ತಾನಾಗಿ ಎದ್ದುಹೋಗಿ ಕಾಕ್‌ಪಿಟ್ಟಿನಲ್ಲಿ ಕುಳಿತುಕೊಳ್ಳಲಾರದು. ಅದಕ್ಕೆ ಮನುಷ್ಯರು ಬೇಕು.

ಸಂಖ್ಯೆಯ ಕೊರತೆಗಿಂತಲೂ ಕೆಟ್ಟುದು ಸ್ಥಾನದ ಅಭದ್ರತೆ. ಈ ಕೆಲಸಕ್ಕೆ ಬಂದ ಅನುಭವಿಗಳನ್ನು ಕರಾರಿನ ಮೇಲೆ ನೇಮಿಸಿಕೊಳ್ಳುವ ಪದ್ಧತಿಯು ಬೆಳೆದುಬಂದಿರುತ್ತದೆ. ಕರಾರಿನ ಮನುಷ್ಯನು ಪ್ರಾಮಾಣಿಕನಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವನ ಸ್ಥಿತಿಯನ್ನು ಊಹಿಸಿ ನೋಡಿರಿ. ನಿನ್ನೆ ಯಾವ ಕಂಪನಿಯ ಅನ್ನವನ್ನುಂಡನೋ ಅದನ್ನೇ ಇಂದು ತಪಾಸಣೆ ಮಾಡಬೇಕು. ನಾಳೆ ಕರಾರು ಮುಗಿದರೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕಾದೀತು. ಉಪ್ಪುಂಡ ಮನೆಗೆ ಎರಡು ಬಗೆಯಬಾರದೆಂಬುದು ಸಂಸಾರದಲ್ಲಿ ಒಳ್ಳೆಯ ನೀತಿ; ತಪಾಸಣೆಯ ಕೆಲಸದಲ್ಲಿ ಅದೇ ನೀತಿಯು ನೂರಾರು ಪ್ರಯಾಣಿಕರ ಪ್ರಾಣಕ್ಕೆ ಎರವಾಗಬಲ್ಲುದು. ಇನ್‌ಸ್ಪೆಕ್ಟರನ ವಿದ್ಯೆಯೆಲ್ಲವೂ ಕೊನೆಗೆ ಒಂದೇ ಒಂದು ಮಾತಿನಲ್ಲಿ ಪರ್ಯವಸಾನವಾಗುತ್ತದೆ: “ಇದು ಕೂಡದು.” ಕೋಟಿಗಟ್ಟಲೆ ಹಣದ ನಷ್ಟವಾಗುವುದೆಂದು ತಿಳಿದೂ ಆ ಮಾತನ್ನಾಡಲು ಅವನ ಕಾಲ ಕೆಳಗೆ ಗಟ್ಟಿ ನೆಲವಿರಬೇಕು.

2025ನೆಯ ಇಸವಿ ಡಿಸೆಂಬರಿನಲ್ಲಿ ನಡೆದುದನ್ನು ಈ ದೃಷ್ಟಿಯಿಂದ ನೋಡಬೇಕು. ಚಾಲಕರ ಆಯಾಸವನ್ನು ಕಡಿಮೆ ಮಾಡುವುದಕ್ಕಾಗಿ ಇಲಾಖೆಯು 2024ರಲ್ಲಿಯೇ ಹೊಸ ನಿಯಮಗಳನ್ನು ಮಾಡಿತ್ತು. ವಾರದ ವಿಶ್ರಾಂತಿಯು 36 ಗಂಟೆಗಳಿಂದ 48ಕ್ಕೆ ಏರಿತು. ರಾತ್ರಿಯಲ್ಲಿ ಇಳಿಸಬಹುದಾದ ವಿಮಾನಗಳ ಮಿತಿಯು ಆರರಿಂದ ಎರಡಕ್ಕೆ ಇಳಿಯಿತು. ಮಂಗಳೂರನ್ನು ಮರೆಯದವರಿಗೆ ಈ ನಿಯಮಗಳ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅವು 2025ರ ಜುಲೈ ಮತ್ತು ನವೆಂಬರ್ ತಿಂಗಳುಗಳಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದುವು. ಸಾಕಷ್ಟು ಅವಧಿಯಿದ್ದರೂ ದೇಶದ ಅತಿ ದೊಡ್ಡ ಕಂಪನಿಯಾದ ಇಂಡಿಗೋ ತಕ್ಕ ಸಿದ್ಧತೆ ಮಾಡಿಕೊಂಡಿರಲಿಲ್ಲ. ಡಿಸೆಂಬರಿನ ಮೊದಲ ವಾರದಲ್ಲಿ ಸಾವಿರಾರು ಪ್ರಯಾಣಗಳು ರದ್ದಾಗಿ, ಜನರು ನಿಲ್ದಾಣಗಳ ನೆಲದ ಮೇಲೆ ರಾತ್ರಿ ಕಳೆದರು. ಆಗ ಸರಕಾರವು ಮಾಡಿದುದೇನು? ರಾತ್ರಿ ಕೆಲಸದ ನಿಯಮಗಳಿಂದ ಆ ಕಂಪನಿಗೆ 2026ರ ಫೆಬ್ರವರಿ 10ರ ವರೆಗೆ ವಿನಾಯಿತಿಯನ್ನಿತ್ತಿತು; ಕೆಲವು ದಿನಗಳ ಬಳಿಕ ಕರಾರಿನ ಮೇಲಿದ್ದ ನಾಲ್ವರು ಹಾರಾಟದ ಇನ್‌ಸ್ಪೆಕ್ಟರರನ್ನು ಕೆಲಸದಿಂದ ತೆಗೆಯಿತು. ಆ ನಾಲ್ವರು ಕರ್ತವ್ಯದಲ್ಲಿ ತಪ್ಪಿದ್ದರೋ ಇಲ್ಲವೋ ನಾವು ತೀರ್ಪು ಕೊಡಲಾರೆವು. ಆದರೆ ನಿಯಮವನ್ನು ಸಡಿಲಿಸಿದ ಕೈಯೇ ಕಾವಲುಗಾರರನ್ನು ಹೊರಗೆ ಹಾಕಿದುದನ್ನು ಕಂಡ ಉಳಿದ ಇನ್‌ಸ್ಪೆಕ್ಟರರು ಯಾವ ಪಾಠ ಕಲಿತಾರು? ಕಂಪನಿಯು ದೊಡ್ಡದಾದರೆ ನಿಯಮವು ಬಾಗುವುದು, ಬಾಗಿದ ನಿಯಮದ ಹೊಣೆಯು ಚಿಕ್ಕವನ ತಲೆಯ ಮೇಲೆ ಬೀಳುವುದು ಎಂದಲ್ಲವೆ? ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಮುಚ್ಚುವುದರಿಂದ ಪ್ರಯೋಜನವಿಲ್ಲ. ದಿಡ್ಡಿಯ ಕಾವಲಿನವನನ್ನು ಹೊಡೆದಟ್ಟುವುದರಿಂದ ಇನ್ನೂ ಇಲ್ಲ.

ಈ ರೋಗವು ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. ನಮಗೆ ಕಿವಿ ಹಿಂಡಿದ ಅಮೆರಿಕೆಯವರೇ ಅದರಿಂದ ನರಳಿದವರು. ಅಲ್ಲಿಯ ಸೌತ್‌ವೆಸ್ಟ್ ಕಂಪನಿಯು ಒಡಲಿನ ಬಿರುಕುಗಳ ಕಡ್ಡಾಯ ತಪಾಸಣೆಯಿಲ್ಲದೆ 46 ವಿಮಾನಗಳನ್ನು ಹಾರಿಸಿತ್ತು. ಸರಕಾರದ ಇನ್‌ಸ್ಪೆಕ್ಟರನಾದ ಬಾಬಿ ಬೂಟ್ರಿಸ್ ಎಂಬವನು ಅದನ್ನು ಎತ್ತಿ ತೋರಿಸಿದಾಗ, ಅವನಿಗೆ ಅಡ್ಡಿಯಾದವನು ಕಂಪನಿಯೊಡನೆ ಸಲಿಗೆಯಿಂದಿದ್ದ ಅವನ ಮೇಲಧಿಕಾರಿಯೇ. 2008ರಲ್ಲಿ ಬೂಟ್ರಿಸನು ತನ್ನ ಸಹೋದ್ಯೋಗಿಯೊಡನೆ ಅಲ್ಲಿಯ ಶಾಸನಸಭೆಯ ಸಮಿತಿಯ ಮುಂದೆ ನಿಂತು ನಿಜವನ್ನು ಹೇಳಿದನು. ಕಂಪನಿಯು ಕೊನೆಗೆ 75 ಲಕ್ಷ ಡಾಲರುಗಳ ದಂಡ ತೆರಲು ಒಪ್ಪಿತು. ಆದರೆ ಅಮೆರಿಕೆಯವರು ದಂಡಕ್ಕೇ ನಿಲ್ಲಲಿಲ್ಲ. ಇನ್‌ಸ್ಪೆಕ್ಟರನಾಗಿದ್ದವನು ತಾನು ತಪಾಸಣೆ ಮಾಡುತ್ತಿದ್ದ ಕಂಪನಿಯ ಪರವಾಗಿ ಇಲಾಖೆಯೊಡನೆ ವ್ಯವಹರಿಸುವ ಕೆಲಸಕ್ಕೆ ಎರಡು ವರ್ಷಗಳವರೆಗೆ ಸೇರಬಾರದೆಂದು 2011ರಲ್ಲಿ ನಿಯಮ ಮಾಡಿದರು. ಇಷ್ಟೆಲ್ಲ ಕಲಿತವರೂ ಮತ್ತೊಂದು ಕಡೆಯಲ್ಲಿ ಎಡವಿದರು. ಬೋಯಿಂಗ್ 737 ಮ್ಯಾಕ್ಸ್ ವಿಮಾನಕ್ಕೆ ಒಪ್ಪಿಗೆ ಕೊಡುವಾಗ ಪರಿಶೀಲನೆಯ ಹೆಚ್ಚಿನ ಭಾಗವನ್ನು ಆ ಕಾರಖಾನೆಯ ನೌಕರರಿಗೇ ಬಿಟ್ಟುಕೊಟ್ಟಿದ್ದರು. 2018ರ ಅಕ್ಟೋಬರಿನಲ್ಲಿ ಇಂಡೋನೇಶಿಯದಲ್ಲಿಯೂ 2019ರ ಮಾರ್ಚ್‌ನಲ್ಲಿ ಇಥಿಯೋಪಿಯದಲ್ಲಿಯೂ ಒಟ್ಟು 346 ಮಂದಿ ಅದರ ಬೆಲೆಯನ್ನು ತೆತ್ತರು. ಪರೀಕ್ಷೆಗೊಳಗಾಗುವವನ ಕೈಯಲ್ಲಿಯೇ ಪರೀಕ್ಷೆಯನ್ನು ಇಟ್ಟರೆ ಸಂಪತ್ತಾಗಲಿ ವಿಜ್ಞಾನವಾಗಲಿ ಕಾಪಾಡಲಾರದು.

ನಮ್ಮ ವಾದಕ್ಕೆ ಎರಡು ಆಕ್ಷೇಪಣೆಗಳು ಬರಬಹುದು. ಮೊದಲನೆಯದು, ಚಾಲಕರನ್ನು ಚಾಲಕರೇ ತಪಾಸಣೆ ಮಾಡಿದರೆ ವೃತ್ತಿಬಾಂಧವ್ಯದಿಂದ ಕಣ್ಣು ಮುಚ್ಚಿಕೊಂಡಾರೆಂಬುದು. ವಕೀಲರು ನ್ಯಾಯಾಧೀಶರಾಗುವುದಿಲ್ಲವೆ? ವೃತ್ತಿಯ ನಂಟನ್ನು ಕಳೆದುಕೊಳ್ಳದೆಯೇ ಪಕ್ಷಪಾತವನ್ನು ಕಳೆದುಕೊಳ್ಳುವುದು ಮನುಷ್ಯನಿಗೆ ಸಾಧ್ಯ. ಆದರೆ ನ್ಯಾಯಪೀಠಕ್ಕೆ ನಾವು ಕೊಟ್ಟಿರುವ ಭದ್ರತೆಯನ್ನೂ ಗೌರವವನ್ನೂ ಇವರಿಗೂ ಸ್ವಲ್ಪಮಟ್ಟಿಗಾದರೂ ಕೊಡಬೇಕು. ಎರಡನೆಯದು ಹಣದ ಆಕ್ಷೇಪಣೆ. ದೊಡ್ಡ ವಿಮಾನದ ಕಮಾಂಡರನ ಸಂಬಳವು ಸರಕಾರದ ಉನ್ನತ ಅಧಿಕಾರಿಯ ಸಂಬಳಕ್ಕಿಂತ ಬಹಳ ಹೆಚ್ಚು. ತಪಾಸಣೆ ಮಾಡುವವನಿಗೆ ಕಾರ್ಯದರ್ಶಿಗಿಂತ ಹೆಚ್ಚು ಕೊಡುವುದೆಂತು ಎಂದು ಹಣಕಾಸಿನ ಇಲಾಖೆಯವರು ಹುಬ್ಬೇರಿಸಬಹುದು. ಅವರಿಗೆ ನಾವು ಹೇಳುವುದಿಷ್ಟೆ: ಸಂಬಳವು ಹುದ್ದೆಯ ಮರ್ಯಾದೆಯನ್ನು ಅಳೆಯುವ ಕೋಲಲ್ಲ, ಅದು ವಿದ್ಯೆಯ ಬೆಲೆ. ಒಂದು ಅಪಘಾತದ ಪರಿಹಾರಧನದ ಮುಂದೆ ಇಡೀ ಇನ್‌ಸ್ಪೆಕ್ಟರರ ವರ್ಗದ ಸಂಬಳವು ದೊಡ್ಡ ಮೊತ್ತವೇನಲ್ಲ; ಹೋದ ಪ್ರಾಣಗಳಿಗಂತೂ ಲೆಕ್ಕವೇ ಇಲ್ಲ.

ಆದುದರಿಂದ ಸರಕಾರವು ಈ ಕೆಳಗಿನ ಸುಧಾರಣೆಗಳನ್ನು ತಡಮಾಡದೆ ಕೈಕೊಳ್ಳಬೇಕೆಂದು ನಾವು ಒತ್ತಾಯಪಡಿಸುತ್ತೇವೆ. ಹಾರಾಟದ ಇನ್‌ಸ್ಪೆಕ್ಟರರಿಗೆ ಕರಾರಿನ ಬದಲು ನಿಶ್ಚಿತವಾದ ದೀರ್ಘ ಅವಧಿಯ ನೇಮಕವನ್ನು ಕೊಡಬೇಕು. ವಿಚಾರಣೆಯಿಲ್ಲದೆ ಅವರನ್ನು ತೆಗೆಯಕೂಡದು. ಅವರು ಬಿಟ್ಟುಬಂದ ಕಂಪನಿಯನ್ನು ಮೊದಲ ಕೆಲವು ವರ್ಷ ಅವರ ತಪಾಸಣೆಗೆ ಒಪ್ಪಿಸಬಾರದು. ಸರಕಾರದ ಕೆಲಸ ಬಿಟ್ಟ ಬಳಿಕ, ತಾವು ತಪಾಸಣೆ ಮಾಡಿದ ಕಂಪನಿಗೆ ಎರಡು ವರ್ಷಗಳವರೆಗೆ ಅವರು ಸೇರಬಾರದು. ಆಕಾಶವನ್ನು ಬಿಟ್ಟ ಚಾಲಕನ ಜ್ಞಾನವು ಬೇಗನೆ ಹಳತಾಗುವುದರಿಂದ, ಹೊಸ ಬಗೆಯ ವಿಮಾನಗಳ ಸಿಮ್ಯುಲೇಟರುಗಳಲ್ಲಿ ಅವರಿಗೆ ಸರಕಾರದ ಖರ್ಚಿನಿಂದ ನಿಯಮಿತ ಅಭ್ಯಾಸ ದೊರೆಯಬೇಕು. ಈ ಉಪಕಾರವನ್ನು ಕಂಪನಿಗಳಿಂದ ಬೇಡಿ ಪಡೆಯುವಂತಾಗಬಾರದು. ಇನ್‌ಸ್ಪೆಕ್ಟರನು “ಕೂಡದು” ಎಂದು ಬರೆದುದನ್ನು ಮೇಲಧಿಕಾರಿಯು ತಳ್ಳಿಹಾಕುವುದಾದರೆ, ಅದರ ಕಾರಣವನ್ನು ತನ್ನ ಹೆಸರಿನಿಂದ ಲಿಖಿತವಾಗಿ ದಾಖಲೆ ಮಾಡಬೇಕು. ಸಂಸತ್ತಿನ ಸಮಿತಿಯು ಕೇಳಿದಾಗ ಆ ಕಾಗದವು ಹೊರಬರಬೇಕು. ಇದೊಂದು ನಿಯಮದಿಂದಲೇ ಅನೇಕ ವಿನಾಯಿತಿಗಳು ಹುಟ್ಟುವ ಮೊದಲೇ ಅಡಗಿಯಾವು.

ಹಾರಾಟದ ಕೊನೆಯ ವರ್ಷಗಳಲ್ಲಿರುವ ಚಾಲಕರಿಗೂ ಒಂದು ಮಾತು. ಕಮಾಂಡರನ ಸಮವಸ್ತ್ರದಲ್ಲಿರುವ ಶೋಭೆಯು ಕಡತಗಳ ನಡುವಣ ಮೇಜಿನಲ್ಲಿಲ್ಲ. ನಿಲ್ದಾಣದಲ್ಲಿ ಜನರು ತಿರುಗಿ ನೋಡಲಾರರು. ಹಳೆಯ ಗೆಳೆಯರು ಸ್ವಲ್ಪ ದೂರವಾಗಬಹುದು. ಒಳ್ಳೆಯ ಕೆಲಸ ಮಾಡಿದ ದಿನ ಯಾವ ಸುದ್ದಿಯೂ ಹುಟ್ಟುವುದಿಲ್ಲ. ಆದರೆ ಒಬ್ಬ ಕಮಾಂಡರನು ಒಂದು ಬಾರಿಗೆ ಒಂದು ವಿಮಾನವನ್ನು ಕಾಪಾಡಿದರೆ, ಒಬ್ಬ ನಿರ್ಭೀತ ಇನ್‌ಸ್ಪೆಕ್ಟರನು ಒಂದು ಕಂಪನಿಯ ಕೆಟ್ಟ ಅಭ್ಯಾಸವನ್ನು ತಿದ್ದಿ, ತಾನು ಎಂದೂ ಕಾಣದ ಸಾವಿರಾರು ಜನರನ್ನು ಮನೆಗೆ ಮುಟ್ಟಿಸುತ್ತಾನೆ. ಮೂವತ್ತು ವರ್ಷ ಪ್ರಯಾಣಿಕರ ವಿಶ್ವಾಸದಿಂದ ಬದುಕಿದವರು ಐದಾರು ವರ್ಷ ಆ ವಿಶ್ವಾಸದ ಕಾವಲಿಗೆ ನಿಲ್ಲಬೇಕೆಂದು ನಿರೀಕ್ಷಿಸುವುದು ತಪ್ಪಾಗಲಾರದು. ಅವರು ಬರಲು ಸಿದ್ಧರಿದ್ದಾರೆಂದೇ ನಾವು ನಂಬುತ್ತೇವೆ. ಬಂದವರಿಗೆ ನಿಲ್ಲಲು ನೆಲವನ್ನು ಕೊಡುವುದು ಸರಕಾರದ ಹೊಣೆ. ಬರಿದಾಗಿರುವ ಕುರ್ಚಿಗಳನ್ನು ತುಂಬುವುದಕ್ಕೆ ಇನ್ನೊಂದು ಅಪಘಾತವನ್ನಾಗಲಿ ಇನ್ನೊಂದು ಪರದೇಶದ ಛೀಮಾರಿಯನ್ನಾಗಲಿ ಅದು ಕಾಯದಿರಲಿ.